ಮನೆಗೆಲಸಕ್ಕೆ ಸರ್ಕಾರ ಸಂಬಳ ಕೊಡಬೇಕೆ?

ಪರ: ಕೊಡಲಿ, ಹಕ್ಕಿನ ಸಂಬಳವಾಗಿಯೇ ಕೊಡಲಿ

ಹೈನು ಇರುವ ಯಾವುದಾದರೂ ಮನೆಯ ಬೆಳಗನ್ನು ನೋಡಿ. ಕೊಟ್ಟಿಗೆಯ ಸಗಣಿ ಬಾಚುವವಳು ಅವಳು. ಹಿಂಡಿ, ಬೂಸಾ ಕಲೆಸಿ ಇಟ್ಟು, ಕೆಚ್ಚಲು ತೊಳೆದು ಹಾಲು ಕರೆಯುವವಳೂ ಅವಳೇ. ಮಧ್ಯಾಹ್ನ ಬದುವಿನ ಮೇಲೆ ಹುಲ್ಲು ಕೊಯ್ದು ಹೊರೆ ಹೊತ್ತು ತರುವುದೂ ಅವಳ ಪಾಲಿಗೇ. ಕ್ಯಾನು ಹಿಡಿದು ಡೇರಿಗೆ ಹೋಗಿ ಫ್ಯಾಟ್ ಎಷ್ಟು ಬಂತೆಂದು ನೋಡುವುದು ಅವನ ಕೆಲಸ. ಪಾಸ್‌ಬುಕ್ ಅವನದು, ಬಟವಾಡೆಯ ದುಡ್ಡು ಬೀಳುವುದು ಅವನ ಖಾತೆಗೆ. ಮಹಿಳಾ ಹಾಲು ಉತ್ಪಾದಕರ ಸಂಘಗಳಿರುವ ಊರುಗಳಲ್ಲಿ ಇದು ಬದಲಾಗಿದೆ, ಒಪ್ಪುತ್ತೇನೆ. ಉಳಿದೆಡೆ ಮಾತ್ರ, ‘ನಿಮ್ಮನೆಯವ್ರು ಏನ್ ಕೆಲಸ ಮಾಡ್ತಾರೆ’ ಎಂದು ಕೇಳಿದರೆ ‘ಏನೂ ಇಲ್ಲ, ಮನೇಲೇ ಇರ್ತಾಳೆ’ ಎಂಬ ಉತ್ತರವೇ ಈಗಲೂ ಬರುತ್ತದೆ.

ಹಾಲಿಗಾದರೂ ಡೇರಿಯಲ್ಲಿ ಒಂದು ದರವಿದೆ. ಅಡುಗೆ, ಪಾತ್ರೆ, ಬಟ್ಟೆ, ಮಕ್ಕಳ ಜ್ವರ, ಹಾಸಿಗೆ ಹಿಡಿದ ಮಾವನ ಸೇವೆ, ಇವಕ್ಕೆ ಯಾವ ದರವೂ ಇಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಈ 88 ಕೂಡ ಕೆಲಸಕ್ಕೆ ಕೈಹಾಕಿದ ಗಂಡಸರದು ಮಾತ್ರ. ಎಷ್ಟು ಜನ ಕೈಹಾಕುತ್ತಾರೆ ಎಂದರೆ, 2019ರ ಸಮೀಕ್ಷೆಯಲ್ಲಿ ಹೆಂಗಸರು ನೂರಕ್ಕೆ 81, ಗಂಡಸರು 26.

ಈ ದುಡಿಮೆಗೆ ಬೆಲೆ ಕಟ್ಟಲು ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ನ್ಯಾಯಾಲಯಗಳು ಬೆಲೆ ಕಟ್ಟುತ್ತಲೇ ಬಂದಿವೆ, ಆದರೆ ಅವಳು ಸತ್ತ ಮೇಲೆ. ಅಪಘಾತದಲ್ಲಿ ಗೃಹಿಣಿ ತೀರಿಕೊಂಡರೆ, ಅವಳ ದುಡಿಮೆ ತಿಂಗಳಿಗೆ ಇಷ್ಟೆಂದು ಲೆಕ್ಕ ಹಾಕಿಯೇ ಪರಿಹಾರ ಕೊಡುತ್ತಾರೆ. 2001ರ ಲತಾ ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು 3,000 ರೂಪಾಯಿ ಎಂದು ನಿಗದಿ ಮಾಡಿತ್ತು. ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆಗೆ ದುಡಿಯದವರ ಸಾಲಿಗೆ ಸೇರಿಸಿದ್ದನ್ನು ಅದೇ ಕೋರ್ಟು 2010ರಲ್ಲಿ ಖಂಡಿಸಿತು. 2021ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ 2011ರ ಜನಗಣತಿಯ ಲೆಕ್ಕವನ್ನು ಎತ್ತಿ ಹೇಳಿದರು: ಮನೆಗೆಲಸವೇ ತಮ್ಮ ಮುಖ್ಯ ಕಸುಬು ಎಂದವರಲ್ಲಿ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷದಷ್ಟು. ವಿಮಾ ಕಂಪನಿಯಿಂದ ವಸೂಲು ಮಾಡುವಾಗ ಹಾಕಲು ಬರುವ ಲೆಕ್ಕ ಅವಳು ಬದುಕಿರುವಾಗ ಯಾಕೆ ಬರುವುದಿಲ್ಲ?

ಕರ್ನಾಟಕ ಒಂದು ಹೆಜ್ಜೆ ಇಟ್ಟಾಗಿದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಆ ಹಣದಲ್ಲಿ ಸಂಘದ ಕಂತು ಕಟ್ಟಿದವರಿದ್ದಾರೆ, ಕನ್ನಡಕ ಮಾಡಿಸಿಕೊಂಡವರಿದ್ದಾರೆ. ತನ್ನ ಕಣ್ಣಿಗೆ ಕನ್ನಡಕ ಬೇಕೆಂದು ಗಂಡನ ಮುಂದೆಯೋ ಮಗನ ಮುಂದೆಯೋ ಎರಡು ಮೂರು ಸಲ ಬಾಯಿಬಿಟ್ಟು ಕೇಳಬೇಕಾದ ಸ್ಥಿತಿ ಏನೆಂದು ಅನುಭವಿಸಿದವರಿಗೆ ಈ ಹಣದ ಬೆಲೆ ಗೊತ್ತು. ಇದನ್ನು ‘ಬಿಟ್ಟಿ ಭಾಗ್ಯ’ ಎಂದು ಹಂಗಿಸುವವರು ಒಮ್ಮೆ ಲೆಕ್ಕ ಹಾಕಲಿ. ದಿನಕ್ಕೆ 289 ನಿಮಿಷವೆಂದರೆ ತಿಂಗಳಿಗೆ 144 ಗಂಟೆಗೂ ಹೆಚ್ಚು. ಗಂಟೆಗೆ 14 ರೂಪಾಯಿಯೂ ಬೀಳುವುದಿಲ್ಲ. ಆ ಕೂಲಿಗೆ ಯಾರೂ ಯಾರ ಗದ್ದೆಗೂ ಇಳಿಯುವುದಿಲ್ಲ.

ನೆರವು ಎಂದು ಕೊಟ್ಟರೆ ಕಂತು ತಡವಾದಾಗ ಬ್ಯಾಂಕಿಗೆ ಅಲೆದು ಸುಮ್ಮನೆ ವಾಪಸ್ ಬರಬೇಕು. ಸಂಬಳವಾದರೆ ಬಾಕಿ ಕೊಡಿ ಎಂದು ಜಗಳ ತೆಗೆಯಬಹುದು, ಸಾಲದಿದ್ದರೆ ಹೆಚ್ಚಿಸಿ ಎನ್ನಬಹುದು. ದುಡ್ಡೆಲ್ಲಿಂದ ಬರಬೇಕು ಎನ್ನುತ್ತಾರೆ. ಇಷ್ಟು ವರ್ಷ ಪುಕ್ಕಟೆ ದುಡಿಸಿಕೊಂಡು ಉಳಿಸಿದ ದುಡ್ಡು ಅದು.

ವಿರೋಧ: ಅವಳ ಕೈಗೆ ದುಡ್ಡು ಬೇಕು, ಒಲೆಯ ಸಂಬಳವಾಗಿ ಬೇಡ

ಗೃಹಲಕ್ಷ್ಮಿಯ ಹಣ ನಿಲ್ಲಬೇಕು ಎಂದು ನಾನು ಹೇಳುತ್ತಿಲ್ಲ. ಬಡ ಮನೆಯ ಹೆಂಗಸಿನ ಖಾತೆಗೆ ನೇರ ಹಣ ಹೋಗುವುದು ಒಳ್ಳೆಯದೇ. ಅದನ್ನು ಮನೆಗೆಲಸದ ಸಂಬಳ ಮಾಡುವುದಕ್ಕೆ ಮಾತ್ರ ನನ್ನ ವಿರೋಧ.

ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೆ ಈ ವಾದ ಏನು ಕೊಡುತ್ತದೆ? ಅವಳಿಗೆ ಸಂಬಳ ಈಗಾಗಲೇ ಇದೆ, ಇಲ್ಲದ್ದು ನಿದ್ದೆ. ಬೆಳಗ್ಗೆ ಐದಕ್ಕೆ ಎದ್ದು ನಲ್ಲಿ ಬಂದ ದಿನ ಡ್ರಮ್ಮು, ಬಿಂದಿಗೆ ಎಲ್ಲ ತುಂಬಿಸಬೇಕು. ತಿಂಡಿ ಮಾಡಿ, ನಾಲ್ಕು ಡಬ್ಬಿ ಕಟ್ಟಿ, ಮಗಳಿಗೆ ಜಡೆ ಹಾಕಿ ಗೇಟು ಮುಚ್ಚುವುದರೊಳಗೆ ಓಡಬೇಕು. ದಿನವಿಡೀ ಮಿಷನ್ನಿನ ಮುಂದೆ ಟಾರ್ಗೆಟ್ಟು, ಸೂಪರ್‌ವೈಸರ್ ಕೂಗು. ಸಂಜೆ ಬಸ್ಸಿಳಿದು ಸೊಪ್ಪು ಕೊಂಡು ಮನೆಗೆ ಬಂದರೆ, ಅವಳಷ್ಟೇ ಹೊತ್ತು ದುಡಿದು ಬಂದ ಗಂಡ ಮೊಬೈಲ್ ಹಿಡಿದು ಕೂತಿರುತ್ತಾನೆ. ಅವಳು ಚಪ್ಪಲಿ ಬಿಟ್ಟವಳೇ ಕುಕ್ಕರ್ ಇಡುತ್ತಾಳೆ. ರಾತ್ರಿ ಪಾತ್ರೆ ತೊಳೆದ ಮೇಲೂ ಅವಳ ತಲೆಯಲ್ಲಿ ನಾಳೆಯ ಲೆಕ್ಕ ಓಡುತ್ತಿರುತ್ತದೆ: ಅಕ್ಕಿ ನೆನೆಹಾಕಿದೆನಾ, ಸಿಲಿಂಡರ್ ಬುಕ್ ಮಾಡಬೇಕು, ಮಗಳ ಶಾಲೆ ಮೀಟಿಂಗಿಗೆ ಅರ್ಧ ದಿನ ರಜೆ ಸಿಗುತ್ತದೋ ಇಲ್ಲವೋ. ಸಮೀಕ್ಷೆಯ ನಿಮಿಷಗಳಲ್ಲಿ ಈ ಯೋಚನೆಯ ಹೊತ್ತು ಪೂರ್ತಿಯಾಗಿ ಸೇರುವುದು ಕಷ್ಟ.

ಇವಳ ಮನೆಗೆ ಒಲೆಯ ಸಂಬಳ ಬಂದ ಮರುದಿನ ಗಂಡ ಏನೆನ್ನುತ್ತಾನೆ ಎಂದು ಊಹಿಸಲು ಕಷ್ಟವಿಲ್ಲ. ‘ಅದಕ್ಕೇ ದುಡ್ಡು ಕೊಡ್ತಾರಲ್ಲ, ಮಾಡು.’ ಇವತ್ತು ಅವನು ಒಂದು ಲೋಟ ತೊಳೆಯದೆ ಇದ್ದರೆ ಅವನಿಗೆ ಕೊನೆಪಕ್ಷ ಉತ್ತರವಿಲ್ಲ. ಸಂಬಳ ಬಂದರೆ ಉತ್ತರ ಸಿಕ್ಕಂತಾಯಿತು. ಮಗನಿಗೂ ಅದೇ ಪಾಠ. ಕೆಲಸ ಹೆಣ್ಣಿನದು ಎಂಬ ನಂಬಿಕೆಗೆ ಸರ್ಕಾರವೇ ತಿಂಗಳು ತಿಂಗಳು ಮುದ್ರೆ ಒತ್ತಿದ ಹಾಗೆ.

ಯಾರಿಗೆ ಕೊಡುವುದು ಎಂಬ ಪ್ರಶ್ನೆಯೂ ಇದೆ. ಗೃಹಲಕ್ಷ್ಮಿ ಹೋಗುವುದು ರೇಷನ್ ಕಾರ್ಡಿನ ಯಜಮಾನಿಗೆ. ಕೂಡು ಕುಟುಂಬದಲ್ಲಿ ಸಾಮಾನ್ಯವಾಗಿ ಅವಳು ಅತ್ತೆ, ಕೆಲಸ ಮಾಡುವವಳು ಸೊಸೆ. ಯೋಜನೆ ಬಂದ ಹೊಸತರಲ್ಲಿ ಹಣ ಅತ್ತೆಗೋ ಸೊಸೆಗೋ ಎಂಬ ಚರ್ಚೆ ಊರೂರಲ್ಲಿ ನಡೆದದ್ದು ಸುಮ್ಮನೆ ಅಲ್ಲ. ತೆರಿಗೆ ಕಟ್ಟುವವನ ಹೆಂಡತಿಗೆ ಹಣವಿಲ್ಲ, ಅವಳೂ ಅಷ್ಟೇ ಪಾತ್ರೆ ತೊಳೆಯುತ್ತಾಳೆ. ಬಡತನಕ್ಕೆ ಕೊಡುವ ನೆರವಾಗಿ ನೋಡಿದರೆ ಈ ನಿಯಮ ಸರಿ. ದುಡಿಮೆಯ ಸಂಬಳ ಎಂದ ಕೂಡಲೇ ಅದು ಅನ್ಯಾಯವಾಗುತ್ತದೆ.

1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಹೆಂಗಸರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನ ಕಚೇರಿಗೂ ಹೋಗಲಿಲ್ಲ, ಅಡುಗೆಮನೆಗೂ ಹೋಗಲಿಲ್ಲ. ಅಪ್ಪಂದಿರು ಮಕ್ಕಳನ್ನು ಕರೆದುಕೊಂಡೇ ಕೆಲಸಕ್ಕೆ ಹೋಗಬೇಕಾಯಿತು. ಅದೇ ದೇಶ 2000ದಲ್ಲಿ ಅಪ್ಪನಿಗೆಂದೇ ಮೂರು ತಿಂಗಳ ಹೆರಿಗೆ ರಜೆಯನ್ನು ಕಾನೂನಿನಲ್ಲಿ ತೆಗೆದಿಟ್ಟಿತು. ಅವನು ತೆಗೆದುಕೊಳ್ಳದಿದ್ದರೆ ಅದು ಹೆಂಡತಿಗೆ ಹೋಗುತ್ತಿರಲಿಲ್ಲ, ಅಲ್ಲಿಗೇ ಮುಗಿಯುತ್ತಿತ್ತು. ನಮ್ಮಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ತಾಯಿಗೆ 26 ವಾರ ರಜೆ ಕೊಟ್ಟಿತು, ಒಳ್ಳೆಯದೇ. ತಂದೆಗೆ ಖಾಸಗಿ ಕಂಪನಿಯಲ್ಲಿ ಕಾನೂನಿನ ರಜೆಯೇ ಇಲ್ಲ, ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ. ಶಿಶುಪಾಲನಾ ಕೇಂದ್ರ ಕಡ್ಡಾಯವಾಗಿರುವುದು 50 ಅಥವಾ ಹೆಚ್ಚು ನೌಕರರಿರುವ ಕಡೆ ಮಾತ್ರ. ನರೇಗಾ ಕೂಲಿಗೆ ಹೋಗುವವರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ಯಂಥದ್ದು ಪೀಣ್ಯದ ಪ್ರತಿ ಗಲ್ಲಿಗೂ ಬೇಕು. ಸಂಜೆ ಏಳರವರೆಗೆ ಅದರ ಬಾಗಿಲು ತೆರೆದಿರಬೇಕು. ಒಲೆಯ ಸಂಬಳಕ್ಕೆ ಸುರಿಯುವ ಹಣ ಅಲ್ಲಿಗೆ ಹೋಗಲಿ.

ಇನ್ನು, ಜೀವಮಾನವೆಲ್ಲ ಮನೆಯಲ್ಲೇ ದುಡಿದವಳ ಗತಿಯೇನು ಎಂದು ಮೇಲಿನ ಲೇಖಕರು ಕೇಳಬಹುದು. ಅವಳಿಗೆ ಸಿಗಬೇಕಾದ್ದು ಗಂಟೆಗೆ 14 ರೂಪಾಯಿಯಲ್ಲ, ಆಸ್ತಿಯಲ್ಲಿ ಪಾಲು. ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆಯ ಪ್ರಕಾರ, ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಇಬ್ಬರಿಗೂ ಅರ್ಧರ್ಧ. ಅವಳ ಒಪ್ಪಿಗೆಯಿಲ್ಲದೆ ಅವನು ಮನೆ, ಜಮೀನು ಮಾರುವಂತಿಲ್ಲ. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೂಡ, ಗಂಡ ಹೊರಗೆ ದುಡಿದು ಕೊಂಡ ಆಸ್ತಿಯಲ್ಲಿ ಮನೆ ನಡೆಸಿದ ಹೆಂಡತಿಗೆ ಸಮಪಾಲು ಇದೆ ಎಂದು ತೀರ್ಪು ಕೊಟ್ಟಿತು. ಕರ್ನಾಟಕದ ವಿಧಾನಸಭೆಯಲ್ಲಿ ಇದು ಮಸೂದೆಯಾಗಿ ಬರಲಿ: ಮದುವೆಯಾದ ಮೇಲೆ ಕೊಂಡ ಸೈಟು, ಮನೆ, ಜಮೀನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರ ಹೆಸರಿಗೇ ನೋಂದಣಿಯಾಗಲಿ, ಅದನ್ನು ಮಾರುವಾಗ ಅವಳ ಸಹಿಯೂ ಬೇಕೇ ಬೇಕು ಎಂದಾಗಲಿ.