ತುಪ್ಪಳ ಕೈಬಿಟ್ಟ ಅಂಗಡಿಗಳು ಮತ್ತು ಬೋನು ಹಾಕುವವರ ಉತ್ತರ

ಚಳಿಗಾಲದ ಜಾಕೆಟ್ಟುಗಳಿಗೆ ಹೆಸರಾದ ಕೆನಡಾ ಗೂಸ್ ಕಂಪನಿ 2021ರ ಜೂನ್‌ನಲ್ಲಿ ಒಂದು ಪ್ರಕಟಣೆ ಹೊರಡಿಸಿತು. ಆ ವರ್ಷದ ಕೊನೆಗೆ ತುಪ್ಪಳದ ಖರೀದಿಯನ್ನೂ, 2022ರ ಕೊನೆಗೆ ತುಪ್ಪಳ ಬಳಸಿದ ಉಡುಪುಗಳ ತಯಾರಿಕೆಯನ್ನೂ ನಿಲ್ಲಿಸುವುದಾಗಿ ಅದು ತಿಳಿಸಿತ್ತು. ಅದಕ್ಕೂ ಮೊದಲೇ 2017ರಲ್ಲಿ ಇಟಲಿಯ ಫ್ಯಾಷನ್ ಸಂಸ್ಥೆ ಗುಚಿ, 2019ರಲ್ಲಿ ಅಮೆರಿಕದ ಅಂಗಡಿ ಸರಪಳಿ ಮೇಸೀಸ್, 2020ರಲ್ಲಿ ಅಂಥದೇ ಇನ್ನೊಂದು ಸರಪಳಿ ನಾರ್ಡ್‌ಸ್ಟ್ರಾಮ್ ಇಂಥದೇ ತೀರ್ಮಾನ ಪ್ರಕಟಿಸಿದ್ದವು. 2021ರಲ್ಲಿ ಅಮೆರಿಕದ ಐಷಾರಾಮಿ ಅಂಗಡಿ ಸ್ಯಾಕ್ಸ್ ಫಿಫ್ತ್ ಅವೆನ್ಯೂ ಕೂಡ ಆ ಸಾಲಿಗೆ ಸೇರಿತು. ಪ್ರಾಣಿದಯಾ ಸಂಘಟನೆಗಳಿಂದ ಇವಕ್ಕೆ ಸಿಕ್ಕ ಮೆಚ್ಚುಗೆ ಎಲ್ಲರ ಕಣ್ಣಿಗೂ ಬಿತ್ತು. ಕಾಡಿನಲ್ಲಿ ಬೋನು, ಉರುಲು ಹಾಕಿ ಬದುಕುವ ಟ್ರ್ಯಾಪರ್‌ಗಳ ಉತ್ತರವನ್ನು ಮಾತ್ರ ಹೆಚ್ಚಿನವರು ಕೇಳಿಸಿಕೊಳ್ಳಲಿಲ್ಲ. ಪಂಜರದಲ್ಲಿ ಸಾಕಿದ ಪ್ರಾಣಿಯ ತುಪ್ಪಳ ಬೇರೆ, ನಾವು ಕಾಡಿನಿಂದ ತರುವುದು ಬೇರೆ, ಎರಡಕ್ಕೂ ಒಂದೇ ನಿಯಮ ಬೇಡ ಎಂಬುದು ಅವರ ಮಾತು. ಹುಟ್ಟಿನಿಂದ ಮಾಂಸ ಮುಟ್ಟದ ನಾನು ಅವರ ಪರ ವಕಾಲತ್ತು ವಹಿಸಲು ಹೊರಟಿಲ್ಲ. ಆದರೂ ಅವರ ಮಾತಿನಲ್ಲಿ ಮುಕ್ಕಾಲು ಪಾಲು ಸರಿಯಿದೆಯೆಂದೂ, ಉಳಿದ ಕಾಲು ಪಾಲನ್ನು ಅವರು ಜಾಣತನದಿಂದ ಮುಚ್ಚಿಡುತ್ತಾರೆಂದೂ ನನ್ನ ಅಭಿಪ್ರಾಯ.

ಟೊರಾಂಟೊ, ಕ್ಯಾಲ್ಗರಿಗಳಿಗೆ ಓದಲು ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲ ಚಳಿಗಾಲದಲ್ಲಿ ಅಂಗಡಿಯ ಗಾಜಿನಾಚೆ ಆಸೆಯಿಂದ ನೋಡಿ, ಬೆಲೆ ಕೇಳಿ ಹಿಂದಿರುಗುವ ಈ ಜಾಕೆಟ್ಟಿನ ಟೋಪಿಯ ಅಂಚಿಗೆ ಹೊಲಿಯುತ್ತಿದ್ದದ್ದು ಕಯೋಟಿಯ ತುಪ್ಪಳ. ತೋಳನಿಗಿಂತ ಚಿಕ್ಕದಾದ, ಅದೇ ಕುಲದ ಪ್ರಾಣಿ ಅದು. ಆ ಅಂಚು ಬರೀ ಅಲಂಕಾರವೆಂದು ತಿಳಿದವರು ಬಹಳ. ಉದ್ದ ಗಿಡ್ಡ ಬೆರೆತ ಆ ಕೂದಲಿನ ನಡುವೆ ಸಿಕ್ಕಿದ ಗಾಳಿ ಕದಡಿಹೋಗಿ ಮುಖಕ್ಕೆ ತಾಕುವ ವೇಳೆಗೆ ತನ್ನ ಬಿರುಸು ಕಳೆದುಕೊಂಡಿರುತ್ತದೆ. ಉಸಿರಿನ ಹಬೆ ಅದರ ಮೇಲೆ ಹೆಪ್ಪುಗಟ್ಟಿದರೂ ಕೈಯಿಂದ ಕೊಡವಿದರೆ ಉದುರುತ್ತದೆ. ಅದರ ಜಾಗಕ್ಕೆ ಬರುವ ಕೃತಕ ತುಪ್ಪಳವು ಸಾಮಾನ್ಯವಾಗಿ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್, ಎಂದರೆ ಕಚ್ಚಾತೈಲದ ಮಗು. ಪರಿಸರದ ಹೆಸರು ಹೇಳಿ ತುಪ್ಪಳ ಬಿಡುವವರು ಪ್ಲಾಸ್ಟಿಕ್ಕಿನ ಎಳೆಯನ್ನು ಹೊದ್ದುಕೊಳ್ಳುವುದು ಯಾವ ನ್ಯಾಯ ಎಂದು ಟ್ರ್ಯಾಪರ್‌ಗಳು ಕೇಳಿದರೆ, ಅದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ.

ಅವರ ಇನ್ನೊಂದು ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಜಾಕೆಟ್ಟಿಗೆ ಬೇಡವಾದ ಮಾತ್ರಕ್ಕೆ ಕಯೋಟಿ ಬದುಕಿಬಿಡುತ್ತದೆಯೇ? ಕೆನಡಾದ ಹುಲ್ಲುಗಾವಲು ಪ್ರಾಂತ್ಯಗಳಲ್ಲಿ ಕುರಿ, ಕರು ಹಿಡಿಯುವ ಕಯೋಟಿಯನ್ನು ರೈತರು ಹೇಗಿದ್ದರೂ ಕೊಲ್ಲುತ್ತಾರೆ. ಸಸ್ಕ್ಯಾಚುವಾನ್ ಸರ್ಕಾರವೇ 2009ರ ನವೆಂಬರ್‌ನಿಂದ ಮರುವರ್ಷದ ಮಾರ್ಚ್‌ವರೆಗೆ ಪ್ರತಿ ಕಯೋಟಿಗೆ 20 ಡಾಲರ್ ಬಹುಮಾನ ಕೊಟ್ಟಿತು. ಗುರುತಿಗೆ ಅದರ ನಾಲ್ಕು ಪಂಜಗಳನ್ನು ತಂದೊಪ್ಪಿಸಬೇಕಿತ್ತು. ಆ ಒಂದು ಚಳಿಗಾಲದಲ್ಲಿ ಸತ್ತವು 70 ಸಾವಿರಕ್ಕೂ ಹೆಚ್ಚು. ಪಂಜಕ್ಕೆ ಬೆಲೆಯಿದ್ದು ತೊಗಲಿಗೆ ಬೆಲೆಯಿಲ್ಲದ ಕಡೆ ಉಳಿದ ದೇಹದ ಗತಿ ಏನಾಗುತ್ತದೆಂದು ಯಾರಾದರೂ ಊಹಿಸಬಹುದು. ಇಲಿಯ ಬಳಗದ, ನೀರಿನಲ್ಲಿ ಬಾಳುವ ದೊಡ್ಡ ಪ್ರಾಣಿ ಬೀವರ್‌ನ ಕಥೆಯೂ ಇದೇ. ಅದು ಕಟ್ಟಿದ ಅಣೆಕಟ್ಟೆಯಿಂದ ರಸ್ತೆಯ ಮೋರಿ ಕಟ್ಟಿಕೊಂಡು ನೀರು ಉಕ್ಕಿದಾಗ ಸ್ಥಳೀಯ ಆಡಳಿತಗಳು ಹಣ ಕೊಟ್ಟು ಅದನ್ನು ಹಿಡಿಸುತ್ತವೆ. ಟ್ರ್ಯಾಪರ್‌ನ ಕೈಗೆ ಸಿಕ್ಕರೆ ಅದರ ಮಾಂಸ ಊಟಕ್ಕಾಗುತ್ತದೆ, ಗ್ರಂಥಿ ಸುಗಂಧ ತಯಾರಕರಿಗೆ ಹೋಗುತ್ತದೆ; ತೊಗಲನ್ನು ಕೊಬ್ಬು ಹೆರೆದು, ಹಲಗೆಯ ಮೇಲೆ ಅಂಡಾಕಾರವಾಗಿ ಎಳೆದು, ಸುತ್ತಲೂ ಒತ್ತೊತ್ತಾಗಿ ಮೊಳೆ ಹೊಡೆದು ಒಣಗಿಸುತ್ತಾರೆ. ಕೊಳ್ಳುವವರಿಲ್ಲವೆಂದ ಮೇಲೆ ಈ ಕೆಲಸಕ್ಕೆ ಯಾರು ಕೂರುತ್ತಾರೆ?

(ಸ್ಯಾಕ್ಸ್ ಈ ತೀರ್ಮಾನ ಪ್ರಕಟಿಸಿದಾಗ ಅದರ ಮಾಲೀಕ ಸಂಸ್ಥೆ ಹಡ್ಸನ್ಸ್ ಬೇ ಕಂಪನಿ. 1670ರಲ್ಲಿ ಇಂಗ್ಲೆಂಡಿನ ಅರಸನ ಸನದು ಪಡೆದು, ಮೂಲನಿವಾಸಿಗಳು ಹಿಡಿದ ಬೀವರ್ ತೊಗಲನ್ನು ಕೊಂಡು ಮಾರಿಯೇ ಬೆಳೆದದ್ದು ಈ ಕಂಪನಿ.)

ಇನ್ನು ಮುಚ್ಚಿಟ್ಟ ಕಾಲು ಪಾಲಿನ ಮಾತು. ಜಗತ್ತಿನ ತುಪ್ಪಳದ ವ್ಯಾಪಾರದಲ್ಲಿ ಬಹುಪಾಲು ಬರುವುದು ಕಾಡಿನಿಂದಲ್ಲ, ತಂತಿಯ ಪಂಜರಗಳಲ್ಲಿ ಮಿಂಕ್ (ಮುಂಗುಸಿಯಂತೆ ಉದ್ದ ಮೈಯ ಚಿಕ್ಕ ಪ್ರಾಣಿ) ಮತ್ತು ನರಿಗಳನ್ನು ಸಾಕುವ ಫಾರ್ಮುಗಳಿಂದ. 2020ರ ನವೆಂಬರ್‌ನಲ್ಲಿ ಕೊರೊನಾ ವೈರಸ್ ಹರಡಿತೆಂದು ಡೆನ್ಮಾರ್ಕ್ ತನ್ನ ಫಾರ್ಮುಗಳ ಮಿಂಕ್‌ಗಳನ್ನೆಲ್ಲ ಕೊಲ್ಲಲು ಆದೇಶಿಸಿದಾಗ ಅವುಗಳ ಸಂಖ್ಯೆ ಒಂದೂವರೆ ಕೋಟಿಯ ಆಚೆಗಿತ್ತು. ಜನರ ಮನಸ್ಸು ತಿರುಗಿದ್ದು ಹೆಚ್ಚಾಗಿ ಇಂಥ ಪಂಜರಗಳನ್ನು ನೋಡಿ. ಆದರೆ ಟ್ರ್ಯಾಪರ್‌ಗಳ ಸಂಘಗಳು ವರ್ಷಗಟ್ಟಲೆ ಅದೇ ಫಾರ್ಮ್ ಮಾಲೀಕರ ಜೊತೆ ಒಂದೇ ಒಕ್ಕೂಟದಲ್ಲಿ ಕುಳಿತು, ಒಂದೇ ಹರಾಜುಕಟ್ಟೆಯಲ್ಲಿ ಮಾರಿ, ‘ತುಪ್ಪಳವೇ ಹಸಿರು’ ಎಂಬ ಒಂದೇ ಪ್ರಚಾರದ ನೆರಳಿನಲ್ಲಿ ನಿಂತವು. ಲಾಭ ಬರುವಾಗ ಒಂದೇ ಕುಟುಂಬ, ಟೀಕೆ ಬಂದಾಗ ನಾವು ಬೇರೆ ಎಂದರೆ ನಂಬುವವರಾರು?

ಬೋನಿನ ವಿಷಯದಲ್ಲೂ ಅವರು ಪೂರ್ತಿ ಬಾಯಿ ಬಿಡುವುದಿಲ್ಲ. ಕೆನಡಾ ಮತ್ತು ಯುರೋಪಿನ ನಡುವೆ 1997ರಲ್ಲಿ ಆದ, ನೋವು ಕಡಿಮೆ ಮಾಡುವ ಬೋನುಗಳ ಒಪ್ಪಂದವನ್ನು ಅವರು ಹೆಮ್ಮೆಯಿಂದ ತೋರಿಸುತ್ತಾರೆ. ಅದು ದೊಡ್ಡ ಸುಧಾರಣೆಯೇ ಹೌದು. ಆದರೆ ಆ ಒಪ್ಪಂದದ ಪ್ರಕಾರ ಬೀವರ್‌ನಂಥ ಪ್ರಾಣಿ ಸಿಕ್ಕಿಬಿದ್ದಾಗಿನಿಂದ ಅದಕ್ಕೆ ಪ್ರಜ್ಞೆ ತಪ್ಪುವವರೆಗೆ, ಹಿಡಿದು ಕೊಲ್ಲುವ ಬೋನಿಗೆ ಕೊಟ್ಟಿರುವ ಗಡುವು 300 ಸೆಕೆಂಡು. ಗೋಡೆಯ ಗಡಿಯಾರ ನೋಡುತ್ತಾ ಐದು ನಿಮಿಷ ಸುಮ್ಮನೆ ಕುಳಿತು ನೋಡಿ, ಅದೆಷ್ಟು ದೀರ್ಘವೆಂದು ತಿಳಿಯುತ್ತದೆ.

ಈ ಇಡೀ ವಾದದಲ್ಲಿ ಎರಡೂ ಕಡೆಯವರು ಎಳೆದಾಡಿದ್ದು ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನ್ಯುಯಿಟ್ ಜನರನ್ನು. ಯುರೋಪ್ 1983ರಲ್ಲಿ ಸೀಲ್ ಎಂಬ ಕಡಲ ಪ್ರಾಣಿಯ ಬಿಳಿ ತುಪ್ಪಳದ ಮರಿಗಳ ಚರ್ಮದ ಆಮದು ನಿಲ್ಲಿಸಿದಾಗ, ಮರಿಗಳನ್ನು ಕೊಲ್ಲದ, ಊಟಕ್ಕೆಂದು ದೊಡ್ಡ ಸೀಲ್ ಬೇಟೆಯಾಡುವ ಆರ್ಕ್ಟಿಕ್ ಹಳ್ಳಿಗಳ ಚರ್ಮಕ್ಕೂ ಬೆಲೆ ಕುಸಿಯಿತು. ಗ್ರಾಹಕನಿಗೆ ಸೀಲ್ ಎಂದರೆ ಸೀಲ್, ಅಷ್ಟೇ. ಯುರೋಪ್ ಸೀಲ್ ಉತ್ಪನ್ನಗಳ ಮೇಲೆ ಹೇರಿದ 2009ರ ನಿಷೇಧದಲ್ಲಿ ಇನ್ಯುಯಿಟ್ ಬೇಟೆಗೆ ವಿನಾಯಿತಿ ಬರೆದರೂ ಹೋದ ಮಾರುಕಟ್ಟೆ ಮರಳಲಿಲ್ಲ. ಸೀಲ್ ಬೇಟೆಯ ವಿರುದ್ಧ ಅಭಿಯಾನ ನಡೆಸಿದ್ದ ಗ್ರೀನ್‌ಪೀಸ್ ಸಂಸ್ಥೆಯ ಕೆನಡಾ ಶಾಖೆ 2014ರಲ್ಲಿ ಅವರ ಕ್ಷಮೆ ಕೇಳಿತು. ಮಿಂಕ್ ಫಾರ್ಮಿನ ಒಡೆಯ ಇದೇ ಜನರ ಬಡತನವನ್ನು ತನ್ನ ಗುರಾಣಿ ಮಾಡಿಕೊಳ್ಳುವುದನ್ನು ಕಂಡಾಗಲಂತೂ ನನಗೆ ಸಿಟ್ಟೇ ಬರುತ್ತದೆ.

ಅಂಗಡಿಗಳ ನಿಯಮಗಳನ್ನು ಓದಿದರೆ ಅಲ್ಲೂ ಒಂದು ಅನುಕೂಲಸಿಂಧು ಕಾಣುತ್ತದೆ. ತುಪ್ಪಳ ಬಿಟ್ಟ ಸ್ಯಾಕ್ಸ್ ತೊಗಲಿನ ಬೂಟು, ಉಣ್ಣೆಸಹಿತ ಕುರಿಚರ್ಮ, ಹಕ್ಕಿಯ ಗರಿ ಯಾವುದನ್ನೂ ಬಿಡಲಿಲ್ಲ. ಕೆನಡಾ ಗೂಸ್ ಜಾಕೆಟ್ಟಿನೊಳಗೆ ಬಾತಿನ ನಯಗರಿ ಹಾಗೆಯೇ ಇದೆ. ನಮ್ಮ ಭಾರತವೂ 2017ರಲ್ಲಿ ಮಿಂಕ್, ನರಿ, ಚಿಂಚಿಲ್ಲಾ ತೊಗಲುಗಳ ಆಮದು ನಿಷೇಧಿಸಿತು, ಚರ್ಮದ ವಸ್ತುಗಳ ರಫ್ತನ್ನು ಮಾತ್ರ ಮುಂದುವರಿಸಿತು. ಮಾರಾಟ ಕಡಿಮೆಯಿರುವುದನ್ನು ಬಿಟ್ಟು ಒಳ್ಳೆಯವರೆನಿಸಿಕೊಳ್ಳುವುದು ವ್ಯಾಪಾರಿಗೆ ಕಷ್ಟದ ಕೆಲಸವೇನಲ್ಲ.

ಹೀಗಾಗಿ ಅಂಗಡಿಗಳು ಪಂಜರದ ತುಪ್ಪಳಕ್ಕೂ ಕಾಡಿನ ತುಪ್ಪಳಕ್ಕೂ ಬೇರೆ ಬೇರೆ ನಿಯಮ ಬರೆಯಬೇಕೆಂಬ ಟ್ರ್ಯಾಪರ್‌ಗಳ ಬೇಡಿಕೆ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆ ಬೇಡಿಕೆ ಇಡುವ ಮುನ್ನ ಅವರು ಫಾರ್ಮ್ ಮಾಲೀಕರ ಪಕ್ಕದ ಕುರ್ಚಿಯಿಂದ ಎದ್ದು ಬರಬೇಕು, 300 ಸೆಕೆಂಡಿನ ಗಡುವನ್ನು ಇಳಿಸುವ ಮಾತನ್ನು ತಾವೇ ಮೊದಲು ಎತ್ತಬೇಕು.