ಮನೆಗೆ ಬಣ್ಣ ಆರಿಸಲು ಒಂದು ಮಳೆಗಾಲ

ಕೊನೆಗೂ ನಮ್ಮ ಹೊಸ ಮನೆಯ ಹೊರಗೋಡೆಗೆ ಬಣ್ಣದ ಎರಡನೇ ಕೋಟ್ ಮುಗಿಯಿತು. ಹೋದ ವಾರ ಫೋಟೋ ಹಾಕಿದ ಮೇಲೆ ತುಂಬಾ ಜನ ಕೇಳಿದರು, ಯಾವ ಶೇಡ್, ಯಾವ ಕಂಪನಿ, ಕೋಡ್ ನಂಬರ್ ಕೊಡಿ ಅಂತ. ಕೊಡುತ್ತೇನೆ, ಅದೇನೂ ಗುಟ್ಟಲ್ಲ. ಆದರೆ ಮಲೆನಾಡಿನಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರದ ಪಕ್ಕದ ನಮ್ಮ ಹಳ್ಳಿಯ ಗೋಡೆಗೆ ಹೊಂದಿದ ಬಣ್ಣ ದಾವಣಗೆರೆಯ ಗೋಡೆಗೂ ಹೊಂದುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಈ ಬಣ್ಣ ಸಿಗಲು ನಮಗೆ ಪೂರ್ತಿ ಒಂದು ಮಳೆಗಾಲ ಹಿಡಿಯಿತು. ಅದನ್ನೇ ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಶುರುವಾಗಿದ್ದು ಎಲ್ಲರ ಮನೆಯಲ್ಲಿ ಆಗುವ ಹಾಗೇ, ಎಂಜಿನಿಯರ್ ಕಳಿಸಿದ, ಕಟ್ಟಿದ ಮೇಲೆ ಮನೆ ಹೇಗೆ ಕಾಣುತ್ತದೆ ಅಂತ ತೋರಿಸುವ ತ್ರೀಡಿ ಎಲಿವೇಷನ್‌ನಿಂದ. ಬೂದು ಗೋಡೆ, ಬಿಳಿ ಫ್ರೇಮು, ಪೋರ್ಟಿಕೋ ಮೇಲೆ ಕಪ್ಪು ಪಟ್ಟಿ, ನಡುವೆ ಒಂದು ಕಿತ್ತಳೆ ಗೆರೆ. ಹಿಂದೆ ನೀಲಿ ಆಕಾಶ, ಮುಂದೆ ಹಸಿರು ಹುಲ್ಲು, ಪಕ್ಕದಲ್ಲಿ ಒಂದು ಕಾರು. ನನಗೆ ತುಂಬಾ ಇಷ್ಟವಾಗಿತ್ತು. ಹೆಂಡತಿ ವಿಜಯಪುರದ ಕಡೆಯವಳು, ನೋಡಿದ ಕೂಡಲೇ "ಈ ಬೂದಿ ಬಣ್ಣ ಯಾಕ್ರೀ? ಮನಿ ಅಂದ್ರ ಮನಿ ಹಂಗ ಕಾಣಬೇಕು" ಅಂದಳು. ಅಪ್ಪ ಏನೂ ಹೇಳಲಿಲ್ಲ. ಮೊಬೈಲ್ ತಗೊಂಡು ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ, ಗೋಡೆಯ ಬುಡದಿಂದ ತಾರಸಿವರೆಗೆ ನಿಧಾನಕ್ಕೆ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು. "ಇದ್ರಲ್ಲಿ ಮಳೆ ಎಲ್ಲಿದೆ ಮಾರಾಯ?"

ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬೀಳುವುದಲ್ಲ, ಗೋಡೆಗೆ ಹೊಡೆಯುವುದು. ಅದೂ ಗಾಳಿಯ ಜೊತೆ, ಪಶ್ಚಿಮ ಮತ್ತು ದಕ್ಷಿಣದ ಗೋಡೆಗೆ ಜಾಸ್ತಿ. ಅಂಗಳದ ಮಣ್ಣು ಕೆಂಪು. ಮಾಡಿನ ನೀರು ಅಂಗಳಕ್ಕೆ ಬಿದ್ದು ಸಿಡಿದರೆ ಗೋಡೆಯ ಮೇಲೆ ಮಂಡಿ ಎತ್ತರದವರೆಗೆ ಕೆಂಪು ಚುಕ್ಕಿ. ಇದನ್ನು ನಮ್ಮ ಹಿರಿಯರು ನೋಡಿಯೇ ಮನೆ ಕಟ್ಟಿದ್ದರು. ನಮ್ಮ ಹಳೇ ಮನೆಗೆ ಮಂಗಳೂರು ಹೆಂಚಿನ ಇಳಿಜಾರು ಮಾಡು, ಗೋಡೆಯಿಂದ ಮೂರು ಅಡಿ ಹೊರಗೆ ಬಂದಿರುವ ಸೂರು, ಮಳೆಗಾಲ ಬರುವ ಮೊದಲು ಪಶ್ಚಿಮಕ್ಕೆ ಅಡಿಕೆ ಸೋಗೆಯ ತಟ್ಟಿ. ಮೇಲಿನ ಗೋಡೆಗೆ ಸುಣ್ಣ, ಕೆಳಗೆ ಎರಡೂವರೆ ಅಡಿ ಕೆಮ್ಮಣ್ಣಿನ ಪಟ್ಟಿ. ಚಿಕ್ಕವನಿದ್ದಾಗ ಅದು ಬರೀ ಅಲಂಕಾರ ಅಂದುಕೊಂಡಿದ್ದೆ. ಅಂಗಳದ ಮಣ್ಣು ಎಷ್ಟು ಎತ್ತರಕ್ಕೆ ಸಿಡಿಯುತ್ತದೋ ಅಷ್ಟು ಎತ್ತರಕ್ಕೆ ಅದೇ ಮಣ್ಣಿನ ಬಣ್ಣ ಬಳಿದಿದ್ದರು, ಸಿಡಿದರೂ ಕಾಣಬಾರದು ಅಂತ. ಈಗ ನಾವು ಕಟ್ಟುವುದು ಸಮತಟ್ಟಾದ ಕಾಂಕ್ರೀಟ್ ತಾರಸಿ, ಅಂದರೆ ಆರ್‌ಸಿಸಿ, ಕಿಟಕಿ ಮೇಲೆ ಒಂದೂವರೆ ಅಡಿ ಹೊರಚಾಚಿದ ಕಾಂಕ್ರೀಟ್ ಹಲಗೆ, ಅಂದರೆ ಸಜ್ಜಾ, ಅಷ್ಟೇ. ಗೋಡೆ ಪೂರ್ತಿ ಮಳೆಗೆ ಬರಿಮೈ. ಹಾಗಾಗಿ ಮಾಡು ಮಾಡುತ್ತಿದ್ದ ಕೆಲಸವನ್ನೂ ಬಣ್ಣವೇ ಮಾಡಬೇಕು.

ಕಳೆದ ವರ್ಷ ಸಿಮೆಂಟ್ ಮೂಟೆ ಇಡಲು ಸೈಟಿನ ಮೂಲೆಯಲ್ಲಿ ಸಣ್ಣ ಶೆಡ್ ಕಟ್ಟಿದ್ದೆವು. ಅದರ ಪಶ್ಚಿಮದ ಗೋಡೆಗೆ ಗಾರೆ ಮಾಡಿಸಿ, ತಿಂಗಳು ಒಣಗಲು ಬಿಟ್ಟು, ಮೇ ಕೊನೆಯಲ್ಲಿ ನಾಲ್ಕು ಬಣ್ಣ ಬಳಿದೆ. ಬಿಳಿ, ತ್ರೀಡಿಯಲ್ಲಿದ್ದ ಬೂದು, ಸ್ವಲ್ಪ ಹಳದಿ ಬೆರೆತ ಕೆನೆ, ಮತ್ತೆ ಕೆಮ್ಮಣ್ಣು. ಒಂದೊಂದೂ ಮೂರು ಅಡಿ ಅಗಲ, ಮೂರು ಅಡಿ ಎತ್ತರ, ನೆಲಕ್ಕೆ ತಾಗುವ ಹಾಗೆ. ಎಲ್ಲದಕ್ಕೂ ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಒಂದೇ, ಒಂದೇ ಎಕ್ಸ್‌ಟೀರಿಯರ್ ಎಮಲ್ಷನ್ (ಹೊರಗೋಡೆಯ ಬಣ್ಣ), ಎರಡೆರಡು ಕೋಟ್. ಲೀಟರಿನ ನಾಲ್ಕು ಡಬ್ಬಿಗೆ ಹೋದ ದುಡ್ಡು ಪೂರ್ತಿ ಮನೆಯ ಲೆಕ್ಕದಲ್ಲಿ ಏನೂ ಅಲ್ಲ. ಮನೆ ಕಟ್ಟುವ ಪ್ರತಿಯೊಬ್ಬರೂ ಇದೊಂದು ಕೆಲಸ ಮಾಡಲೇಬೇಕು ಅಂತ ನಾನು ಬೇಡಿಕೊಳ್ಳುತ್ತೇನೆ.

ಮೊದಲ ದಿನವೇ ಒಂದು ಪಾಠ ಸಿಕ್ಕಿತು. ಶೇಡ್ ಕಾರ್ಡಿನಲ್ಲಿ ಉಗುರಿನಷ್ಟು ಚೌಕದಲ್ಲಿ ಹಿತವಾಗಿ ಕಂಡ ಕೆನೆ ಬಣ್ಣ ಗೋಡೆ ಮೇಲೆ ಬಿಸಿಲಿಗೆ ಬಂದಾಗ ನಿಂಬೆಹಣ್ಣಿನ ಹಳದಿ ಆಗಿತ್ತು. ದೊಡ್ಡ ಜಾಗದಲ್ಲಿ ಬಣ್ಣ ಜಾಸ್ತಿ ಢಾಳಾಗಿ ಕಾಣುತ್ತದೆ, ಬಿಸಿಲು ಬಿದ್ದರಂತೂ ಇನ್ನೂ. ಕಾರ್ಡಿನಲ್ಲಿ ನಿಮಗೆ ಇಷ್ಟವಾದದ್ದಕ್ಕಿಂತ ಒಂದೆರಡು ಮೆಟ್ಟಿಲು ಮಂಕಾಗಿರುವುದನ್ನು, ಸ್ವಲ್ಪ ಮಣ್ಣು ಬೆರೆತ ಹಾಗಿರುವುದನ್ನು ಆರಿಸಿ. ನಾವು ಅದನ್ನು ಬದಲಾಯಿಸಿ ಬೇರೆ ಬಳಿದೆವು. ಹೊಸದರ ಹೆಸರು ಕಾರ್ಡಿನಲ್ಲಿ ಏನೋ ಇತ್ತು, ಅಮ್ಮ ಅದಕ್ಕೆ ಇಟ್ಟ ಹೆಸರು ಅಕ್ಕಿ ತೊಳೆದ ನೀರು. ಕಾರ್ಡಿನ ಹೆಸರು ಈಗ ನನಗೂ ನೆನಪಿಲ್ಲ.

ಜೂನ್ ಬಂತು. ಬೂದು ಬಣ್ಣದ ವಿಷಯ ಇಲ್ಲೇ ತೀರ್ಮಾನ ಆಯಿತು. ಮೋಡ ಕವಿದ ಬೆಳಕು ಸ್ವಲ್ಪ ನೀಲಿ ಇರುತ್ತದೆ. ಆ ಬೆಳಕಲ್ಲಿ ಬೂದು ಗೋಡೆ ಇನ್ನೂ ನೀಲಿಯಾಗಿ, ನೆನೆದ ಕಂಬಳಿ ಹಾಗೆ ಕಾಣುತ್ತಿತ್ತು. ಮೇಲೆ ಆಕಾಶ ಬೂದು, ಎದುರು ಮಂಜು ಬೂದು, ಗೋಡೆಯೂ ಬೂದು. ವರ್ಷಕ್ಕೆ ನಾಲ್ಕು ತಿಂಗಳು ಹೀಗೇ ಇರುವ ಊರಲ್ಲಿ ಸಂಜೆ ಮನೆಗೆ ಬರುವಾಗ ಕಣ್ಣಿಗೆ ಒಂದು ಬೆಚ್ಚನೆಯದು ಬೇಡವಾ? ಬೂದು ಬಣ್ಣವೇ ಕೆಟ್ಟದ್ದು ಅಂತ ಅಲ್ಲ. ಬೆಂಗಳೂರಿನ ಬಿಸಿಲು, ಧೂಳಿನ ರಸ್ತೆಯಲ್ಲಿ ಅದು ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಈಗ ಶಿವಮೊಗ್ಗದಿಂದ ಸಾಗರಕ್ಕೆ ಬರುವ ದಾರಿಯಲ್ಲಿ ನೋಡಿ, ಹೊಸ ಮನೆ ಅಂದರೆ ಬೂದು, ಬಿಳಿ, ಕಪ್ಪು. ಹಸಿರು ತೋಟದ ಮಧ್ಯೆ ಅದನ್ನು ಕಂಡಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಅಕ್ಟೋಬರ್ ಕೊನೆಗೆ ಅಪ್ಪ, ನಾನು ಒಂದು ಬಕೆಟ್ ನೀರು, ತೆಂಗಿನ ನಾರು ಹಿಡಿದು ಶೆಡ್ ಗೋಡೆ ಮುಂದೆ ಕೂತೆವು. ನಾಲ್ಕನ್ನೂ ತಿಕ್ಕಿ ತೊಳೆದೆವು. ಬಿಳಿ ಚೌಕದ ಬುಡದಲ್ಲಿ ಒಂದು ಅಡಿ ಚಹಾದ ಕಲೆ ಹಾಗೆ ಕಂದು ಉಳಿಯಿತು, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅದರ ಮೇಲೆ ಪಾಚಿಯ ಹಸಿರು ನೆರಳು. ಹೊರಗಿನ ಬಣ್ಣದಲ್ಲಿ ಪಾಚಿ ತಡೆಯುವ ಔಷಧ ಸೇರಿಸಿರುತ್ತಾರೆ, ಆದರೆ ಅದು ಪಾಚಿಯನ್ನು ತಡ ಮಾಡುತ್ತದೆ ಅಷ್ಟೇ, ಒಣಗದ ಗೋಡೆಗೆ ಬಂದೇ ಬರುತ್ತದೆ. ಬೂದು ಚೌಕದಲ್ಲಿ ಕೆಂಪು ಮಣ್ಣಿನ ಕಲೆ ಇನ್ನೂ ಎದ್ದು ಕಾಣುತ್ತಿತ್ತು. ಅಕ್ಕಿ ತೊಳೆದ ನೀರಿನ ಬಣ್ಣದಲ್ಲೂ ಬುಡದಲ್ಲಿ ಕಲೆ ಇತ್ತು, ಆದರೆ ಮಂಡಿಯಿಂದ ಮೇಲೆ ಹೊಸದರ ಹಾಗೇ ಇತ್ತು. ಕೆಮ್ಮಣ್ಣಿನ ಚೌಕಕ್ಕೆ ಏನೂ ಆಗಿರಲಿಲ್ಲ. ಆಗಿದ್ದರೂ ಕಾಣುತ್ತಿರಲಿಲ್ಲ. ಅಪ್ಪ ಕೈ ತೊಳೆದುಕೊಂಡು ಎದ್ದರು. "ಮೇಲೆ ಇದು, ಕೆಳಗೆ ಇದು" ಅಂತ ಎರಡು ಚೌಕ ತೋರಿಸಿದರು. ಹಳೇ ಮನೆಯ ಬಣ್ಣವೇ ಹೊಸ ಮನೆಗೂ ಬಂತು.

ಮಳೆಯಷ್ಟೇ ಮುಖ್ಯ ಬಿಸಿಲು. ನಮ್ಮ ಚಿಕ್ಕಪ್ಪನ ಮನೆಗೆ ನಾಲ್ಕು ವರ್ಷದ ಹಿಂದೆ ನೇರಳೆ ಬಣ್ಣ ಹೊಡೆಸಿದ್ದರು. ಈಗ ಹೋಗಿ ನೋಡಿದರೆ ಸಜ್ಜಾದ ಅಡಿಯಲ್ಲಿ ಮಾತ್ರ ನೇರಳೆ, ಉಳಿದ ಗೋಡೆ ಒಗೆದು ಒಗೆದು ಸವೆದ ಲಂಗದ ಹಾಗೆ ಆಗಿದೆ. ಅಂಗೈಯಿಂದ ಉಜ್ಜಿದರೆ ಕೈಗೆ ಬಣ್ಣದ ಪುಡಿ ಹತ್ತುತ್ತದೆ. ಬಿಸಿಲಿಗೆ ಬಣ್ಣದ ಅಂಟು ಸತ್ತು ಪುಡಿ ಮಾತ್ರ ಉಳಿದಿದೆ ಅಂತ ಅರ್ಥ. ಢಾಳಾದ ನೇರಳೆ, ಗುಲಾಬಿ, ಕಡು ಹಳದಿ, ಇವುಗಳಲ್ಲಿ ಇರುವ ಬಣ್ಣದ ಅಂಶ ಹೆಚ್ಚಾಗಿ ಬಿಸಿಲಿಗೆ ಬೇಗ ಸೋಲುತ್ತದೆ. ಕೆಮ್ಮಣ್ಣು, ಕಾವಿ, ಮಣ್ಣಿನ ಹಳದಿ, ಕಂದು, ಇವೆಲ್ಲ ಕಬ್ಬಿಣದ ಆಕ್ಸೈಡ್. ತುಕ್ಕಿನ ಸಂಬಂಧಿಕರು. ಬಿಸಿಲು ಇವುಗಳನ್ನು ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ. ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಮೆಷಿನ್ ಮುಂದೆ ನಿಂತಾಗ ಕೇಳಿ, ಈ ಶೇಡಿಗೆ ಯಾವ ಯಾವ ಬಣ್ಣ ಬೀಳುತ್ತದೆ, ಹೊರಗೋಡೆಗೆ ನಿಲ್ಲುತ್ತದಾ ಅಂತ. ಕೇಳಿದರೆ ಹೇಳುತ್ತಾರೆ.

ಇನ್ನು ಕಡು ಬಣ್ಣ. ವಿಜಯಪುರದಲ್ಲಿ ನನ್ನ ಭಾವಮೈದುನನ ಮನೆಯ ಪಶ್ಚಿಮದ ಗೋಡೆ ಕಡು ಚಾಕೊಲೇಟ್. ಏಪ್ರಿಲ್‌ನಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆ ಏಳಕ್ಕೆ ಒಳಗಿನಿಂದ ಆ ಗೋಡೆ ಮುಟ್ಟಿದರೆ ರೊಟ್ಟಿ ಹಂಚು ಆರಿದ ಹಾಗೆ ಬಿಸಿ. ಬಿಳಿ ಗೋಡೆ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚು ಪಾಲು ವಾಪಸ್ ಹೋಗುತ್ತದೆ, ಕಡು ಗೋಡೆ ಹೆಚ್ಚಿನದನ್ನೆಲ್ಲ ನುಂಗುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗಿ ಕೂದಲೆಳೆಯಂಥ ಬಿರುಕು ಬೇರೆ. ಅಲ್ಲಿಯ ಹಳೇ ಮನೆಗಳಲ್ಲಿ ಸುಣ್ಣಕ್ಕೆ ಚೂರು ನೀಲಿ ಹಾಕಿ ಬಳಿಯುತ್ತಿದ್ದರು ಅಂತ ಹೆಂಡತಿ ಹೇಳುತ್ತಾಳೆ, ನೋಡಿದರೆ ಕಣ್ಣು ತಂಪು. ಆ ಊರಿನ ಬಿಸಿಲಿಗೆ ಅದೇ ಸರಿ.

ಅಂಚಿನ ಬಣ್ಣದ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ, ಯಾಕೆಂದರೆ ಮನೆಗೆ ಮುಖ ಬರುವುದು ಅಲ್ಲೇ. ಗೋಡೆ ಎಷ್ಟೇ ಸಾದಾ ಇರಲಿ, ಕಿಟಕಿಯ ಸುತ್ತ, ಸಜ್ಜಾದ ಅಂಚು, ತಾರಸಿ ಸುತ್ತಲಿನ ಗಿಡ್ಡ ಗೋಡೆ, ಅಂದರೆ ಪ್ಯಾರಪೆಟ್ಟಿನ ಮೇಲಿನ ಪಟ್ಟಿ, ಈ ಮೂರು ಕಡೆ ಒಂದೇ ಬಣ್ಣ ಕೊಟ್ಟರೆ ಮನೆ ಎದ್ದು ನಿಲ್ಲುತ್ತದೆ. ಬೆಂಗಳೂರಿಗೆ ಹೋದರೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದ ಮುಂದೆ ಐದು ನಿಮಿಷ ನಿಲ್ಲಿ. 1915ರ ಕಟ್ಟಡ. ಗೋಡೆಯ ಕೆಂಪು ಒಂದು, ಅಂಚಿನ ಬಿಳಿ ಒಂದು. ಎರಡೇ ಬಣ್ಣದಲ್ಲಿ ಎಷ್ಟು ಗತ್ತು! ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ನಮ್ಮ ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚದಲ್ಲಿ ಹೆಣ್ಣುಮಕ್ಕಳು ಎಳೆಯುವುದು. ಚೂರು ಕಪ್ಪು, ಚೂರು ಹಳದಿ. ಅಷ್ಟು ಚಂದದ ಬಣ್ಣದ ಲೆಕ್ಕಾಚಾರ ಪಕ್ಕದ ಮನೆಯ ಗೋಡೆ ಮೇಲೇ ಇರುವಾಗ ನಾವು ಯಾರದ್ದೋ ಚಿತ್ರ ನೋಡಿ ಕಿತ್ತಳೆ ಗೆರೆ ಎಳೆಸುತ್ತೇವೆ.

ನಾವು ಮಾಡಿದ್ದು ಇಷ್ಟು. ಗೋಡೆಗೆ ಅಕ್ಕಿ ತೊಳೆದ ನೀರು. ಬುಡದಿಂದ ಎರಡೂವರೆ ಅಡಿ ಕೆಮ್ಮಣ್ಣು. ಕಿಟಕಿ ಸುತ್ತ ನಾಲ್ಕು ಇಂಚು ಪಟ್ಟಿ ಅದೇ ಕೆಮ್ಮಣ್ಣು. ಬಾಗಿಲು, ಕಿಟಕಿಯ ಮರಕ್ಕೆ ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ ಬಣ್ಣ ಬರುವ ಹಾಗೆ ಪಾಲಿಶ್, ಗ್ರಿಲ್ಲಿಗೂ ಅದೇ ಕಂದು. ನಾಲ್ಕನೇ ಬಣ್ಣ ಇಲ್ಲ. ಟೆಕ್ಸ್ಚರ್ ಬೇಡವೇ ಬೇಡ ಅಂದೆವು, ಆ ಉಬ್ಬು ತಗ್ಗಿನಲ್ಲಿ ಧೂಳು ಕೂತು ಅದರ ಮೇಲೆ ಪಾಚಿ ಬೆಳೆಯುವುದನ್ನು ಬೇಕಾದಷ್ಟು ಮನೆಯಲ್ಲಿ ನೋಡಿದ್ದೇವೆ. ಪ್ರತಿ ಸಜ್ಜಾದ ಅಡಿಯಲ್ಲಿ ನೀರು ಹಿಂದಕ್ಕೆ ಹರಿಯದ ಹಾಗೆ ಗಾರೆಯಲ್ಲೇ ಒಂದು ತಗ್ಗಿನ ಗೆರೆ ಕೊರೆಸಿದೆವು. ಅದಿಲ್ಲದಿದ್ದರೆ ನೀರು ಸಜ್ಜಾದ ತಳಕ್ಕೆ ಅಂಟಿಕೊಂಡು ಬಂದು ಗೋಡೆ ಮೇಲೆ ಇಳಿಯುತ್ತದೆ, ಅತ್ತ ಕಣ್ಣಿನ ಕಾಡಿಗೆ ಇಳಿದ ಹಾಗೆ ಕಪ್ಪು ಗೆರೆ. ಗಾರೆ ಮಾಡುವಾಗ ಮೇಸ್ತ್ರಿಗೆ ಹೇಳಿದರೆ ಅರ್ಧ ದಿನದ ಕೆಲಸ, ಆಮೇಲೆ ಮಾಡಿಸುವುದು ಕಷ್ಟ.

ಗಾರೆ ಒಣಗುವ ತನಕ ಕಾಯಿರಿ, ದಯವಿಟ್ಟು. ಇದು ನನ್ನ ಅಕ್ಕನ ಮನೆಯಲ್ಲಿ ಆಗಿದ್ದು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತು ಅಂತ ಗಾರೆ ಮುಗಿದ ಹನ್ನೆರಡನೇ ದಿನಕ್ಕೆ ಬಣ್ಣ ಹೊಡೆದುಬಿಟ್ಟರು. ಏನೂ ಆಗಲ್ಲ ಅಂತ ಪೇಂಟಿಂಗ್ ಕಾಂಟ್ರಾಕ್ಟರ್ ಹೇಳಿದ್ದರಂತೆ. ಆರು ತಿಂಗಳಿಗೆ ಗೋಡೆ ತುಂಬ ಬಿಳಿ ಉಪ್ಪು ಎದ್ದಿತು, ಬಣ್ಣ ಹಪ್ಪಳದ ಹಾಗೆ ಬಿಟ್ಟುಕೊಂಡು ಬಂತು. ಅಕ್ಕ ಅತ್ತಿದ್ದು ನೋಡಿದ್ದೇನೆ. ಹೊಸ ಗಾರೆಯಲ್ಲಿ ನೀರೂ ಇರುತ್ತದೆ, ಸುಣ್ಣದ ಕ್ಷಾರವೂ ಇರುತ್ತದೆ. ಕನಿಷ್ಠ 28 ದಿನ ಬಿಡಬೇಕು, ನಮ್ಮ ಕಡೆ ಇನ್ನೂ ಜಾಸ್ತಿ ಬಿಟ್ಟರೆ ಒಳ್ಳೆಯದು. ನಾವು ಡಿಸೆಂಬರ್‌ನಲ್ಲಿ ಗಾರೆ ಮುಗಿಸಿ ಫೆಬ್ರವರಿಯಲ್ಲಿ ಪ್ರೈಮರ್ ಮುಟ್ಟಿದ್ದು. ಮುಹೂರ್ತ ನೋಡುವಾಗಲೇ ಈ ಲೆಕ್ಕ ಸೇರಿಸಿಕೊಳ್ಳಿ.

ವಾಸ್ತು, ರಾಶಿಗೆ ತಕ್ಕ ಬಣ್ಣ ಅಂತ ಕೇಳಿದವರೂ ಇದ್ದಾರೆ. ಅದು ನಿಮ್ಮ ನಂಬಿಕೆ, ನಾನು ಮಾತಾಡುವುದಿಲ್ಲ. ಆ ಬಣ್ಣದಲ್ಲೇ ಮಣ್ಣಿನ ಛಾಯೆ ಇರುವುದನ್ನು ಹುಡುಕಿ, ಸಿಗುತ್ತದೆ.

ಒಂದು ಗೋಡೆಗೆ ಬೇಕಾಗುವ ಬಣ್ಣ ಪೂರ್ತಿ ಒಂದೇ ಸಲ ಮಿಕ್ಸ್ ಮಾಡಿಸಿ ತನ್ನಿ. ಒಂದೇ ಕೋಡ್ ಆದರೂ ಬೇರೆ ಬೇರೆ ದಿನ ಮಾಡಿಸಿದ ಬಕೆಟ್ಟಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರಬಹುದು, ಗೋಡೆಯ ಮಧ್ಯೆ ಅದು ಜೋಡಣೆಯ ಹಾಗೆ ಕಾಣುತ್ತದೆ. ನಮ್ಮ ಪೇಂಟರ್ ಅಣ್ಣ ಎರಡು ಬಕೆಟ್ ಒಂದರೊಳಗೆ ಒಂದು ಸುರಿದು ಕಲಸಿಕೊಂಡೇ ಶುರು ಮಾಡುತ್ತಿದ್ದರು. ಅವರಿಗೆ ಈ ಕೆಲಸದಲ್ಲಿ ಎಷ್ಟೋ ವರ್ಷದ ಅನುಭವ. ಮೊದಲ ಕೋಟ್ ಮುಗಿಸಿ ಏಣಿ ಇಳಿದು ರಸ್ತೆಯ ಆಚೆ ಹೋಗಿ ನಿಂತು ನೋಡಿ, ಕಿಟಕಿ ಪಟ್ಟಿ ಮೂರು ಇಂಚು ಅಂದುಕೊಂಡಿದ್ದನ್ನು ನಾಲ್ಕು ಮಾಡಿಸಿದ್ದು ಅವರೇ.

ಕೋಡ್ ನಂಬರ್ ಕಾಮೆಂಟಿನಲ್ಲಿ ಹಾಕುತ್ತೇನೆ. ಮರೆತು ಹೋಗಬಾರದು ಅಂತ ಮೀಟರ್ ಬಾಕ್ಸಿನ ಬಾಗಿಲ ಒಳಗೆ ಮಾರ್ಕರ್‌ನಲ್ಲಿ ಮೂರೂ ಕೋಡ್, ತಾರೀಕು ಬರೆದಿದ್ದೇನೆ. ಅದರ ಕೆಳಗೆ ಅಪ್ಪ ಪೆನ್ಸಿಲಲ್ಲಿ ತಮ್ಮ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ, "ದೀಪಾವಳಿ ಹೊತ್ತಿಗೆ ಪಶ್ಚಿಮದ ಗೋಡೆ ತೊಳೆಯುವುದು."