ಟ್ಯಾರೋ ಮತ್ತು ಮೈಸೂರು ಗಂಜೀಫಾ: ಒಂದು ಸ್ಪಷ್ಟನೆ

ಟ್ಯಾರೋ ಎಂದರೆ ಇಂದು ಭವಿಷ್ಯ ನುಡಿಯಲು ಬಳಸುವ ಚಿತ್ರದ ಎಲೆಗಳು (ಕಾರ್ಡುಗಳು); ಗಂಜೀಫಾ ಎಂದರೆ ಇಸ್ಪೀಟಿನಂತೆ ಆಡುವ ದುಂಡು ಚಿತ್ರದ ಎಲೆಗಳು. ‘ಟ್ಯಾರೋ ಹುಟ್ಟಿದ್ದು ಮೈಸೂರು ಗಂಜೀಫಾದಿಂದ; ಎರಡೂ ಭವಿಷ್ಯ ಹೇಳಲೆಂದೇ ರಚನೆಯಾದವು’ ಎಂದು ಚಿತ್ರಸಹಿತ ಹರಿದಾಡುತ್ತಿರುವ ವಾಟ್ಸ್‌ಆ್ಯಪ್ ಸಂದೇಶದ ಎರಡೂ ಮಾತು ತಪ್ಪು. ಪರಿಶೀಲಿಸದೆ ನಾನೂ ಅದನ್ನು ಮೈಸೂರಿನ ಸಂಗ್ರಾಹಕ ಮಿತ್ರರಿಗೆ ಕಳುಹಿಸಿದ್ದೆ, ಅದಕ್ಕಾಗಿ ವಿಷಾದಿಸುತ್ತೇನೆ.

ಟ್ಯಾರೋ 15ನೆಯ ಶತಮಾನದ ಉತ್ತರ ಇಟಲಿಯಲ್ಲಿ ಆಟದ ಎಲೆಗಳಾಗಿ ಹುಟ್ಟಿತು. ಮಿಲಾನಿನ ವಿಸ್ಕಾಂಟಿ ಮತ್ತು ಸ್ಫೋರ್ಜಾ ಮನೆತನಗಳಿಗಾಗಿ ಬಂಗಾರದ ರೇಕು ಹಚ್ಚಿ ಕೈಯಿಂದ ಚಿತ್ರ ಬರೆದ ಎಲೆಗಳು ಇಂದಿಗೂ ಉಳಿದಿರುವುದು ಇದಕ್ಕೆ ಆಧಾರ. ಆ ಎಲೆಗಳಿಂದ ಭವಿಷ್ಯ ನುಡಿಯುವ ರೂಢಿ ಬೆಳೆದದ್ದು 18ನೆಯ ಶತಮಾನದ ಫ್ರಾನ್ಸಿನಲ್ಲಿ. ಮೈಸೂರಿನ ಗಂಜೀಫಾಗೆ ವಿಶಿಷ್ಟ ರೂಪ ಕೊಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಟ್ಯಾರೋ ಹುಟ್ಟಿದ ಕಾಲಕ್ಕಿಂತ ಬಹಳ ಈಚಿನವರು, ಅವರ ಕಾಲದ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಎಂಬ ಭಾಗ ಗಂಜೀಫಾವನ್ನು ವಿವರಿಸುವುದೂ ಆಟವಾಗಿಯೇ. ಅಂಗೈಯಲ್ಲಿ ಅಡಗುವ ಆ ದುಂಡು ಎಲೆಯನ್ನೂ 78 ಎಲೆಗಳ ಟ್ಯಾರೋ ಕಟ್ಟನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನನಗೆ ಇಂದಿಗೂ ಸಂತೋಷವೇ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ; ಈಗಾಗಲೇ ಕಳುಹಿಸಿದ್ದರೆ ಈ ಸ್ಪಷ್ಟನೆಯನ್ನೂ ಅದೇ ಗುಂಪಿಗೆ ತಲುಪಿಸಿ.